ಎರಡು ಕೈ, ನಾಲ್ಕು ಪುಟ್ಟ ಕಾಲು
ಮಕ್ಕಳ ವೈದ್ಯೆಯೊಂದಿಗೆ ಪ್ರಶ್ನೋತ್ತರ

ಅವಳಿ ಮಕ್ಕಳಿರುವ ಮನೆಗಳಿಂದ ಬಂದ ಪತ್ರಗಳಿಗೆ ಈ ಸಲ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಒಂದೂವರೆ ವರ್ಷದ ಮಗುವಿಗೆ ಓಡಲು ಬರುತ್ತದೆ, ‘ನಿಲ್ಲು’ ಅಂದಾಗ ನಿಲ್ಲಲು ಬರುವುದಿಲ್ಲ. ಆ ಹಿಡಿತ ಬರಲು ಮೂರು, ನಾಲ್ಕು ವರ್ಷವಾದರೂ ಬೇಕು. ಒಂದೇ ಮಗುವಾದರೆ ಹಿಂದೆ ಓಡಿ ಹಿಡಿಯಬಹುದು. ಇಬ್ಬರಿದ್ದರೆ ಒಬ್ಬರ ಹಿಂದೆ ಓಡಿದ ಕ್ಷಣದಲ್ಲಿ ಇನ್ನೊಬ್ಬರಿಗೆ ಬೆನ್ನು ಹಾಕಿರುತ್ತೇವೆ. ನಾನೂ ಅವಳಿಗಳ ತಾಯಿ. ಈ ಕಷ್ಟ ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ಪ್ರಶ್ನೆ: ನನಗೆ ಅವಳಿ ಮಕ್ಕಳು, ಒಂದು ಹೆಣ್ಣು ಒಂದು ಗಂಡು. ಒಂದು ವರ್ಷ ಎಂಟು ತಿಂಗಳು. ಸಂತೆಗೋ ದೇವಸ್ಥಾನಕ್ಕೋ ಹೊರಟರೆ ಕೈ ಕೊಸರಿಕೊಂಡು ಅವಳು ಆ ಕಡೆ, ಅವನು ಈ ಕಡೆ. ಬೆನ್ನಿಗೆ ಹಾಕಿ ಪಟ್ಟಿ ಹಿಡಿದುಕೊಳ್ಳುವ ಹಾರ್ನೆಸ್ ತರಿಸಿದೆ. ಅತ್ತೆಯವರು ನೋಡಿ, ‘ಮಕ್ಕಳನ್ನೇನು ಕರುಗಳ ಹಾಗೆ ಹಗ್ಗ ಹಾಕ್ಕೊಂಡು ಹೋಗ್ತೀಯಾ?’ ಎಂದು ಕಣ್ಣೀರು ಹಾಕಿದರು. ಬಳಸಲೋ ಬೇಡವೋ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಬಳಸಿ. ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಈ ಉತ್ತರ ಓದಿ.

ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅವರು ಮಕ್ಕಳನ್ನು ಸಾಕಿದ ಕಾಲಕ್ಕೆ ಅಂಗಳದಲ್ಲಿ ಹತ್ತು ಕಣ್ಣುಗಳಿರುತ್ತಿದ್ದವು, ಬೀದಿಯಲ್ಲಿ ಇಷ್ಟು ಗಾಡಿಗಳಿರಲಿಲ್ಲ. ಆದರೂ ಮಗು ಕೈತಪ್ಪದಂತೆ ಅವರೂ ದಾರಿ ಹುಡುಕಿಕೊಂಡಿದ್ದರು. ಹೊಲಕ್ಕೆ ಹೋಗುವ ತಾಯಿ ಮಗುವನ್ನು ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳು. ಕಾಲಿನ ಗೆಜ್ಜೆಯ ಸದ್ದಿನಿಂದ, ಮಗು ಹಿತ್ತಿಲಲ್ಲಿದೆಯೋ ಬಾಗಿಲಲ್ಲಿದೆಯೋ ಎಂದು ಒಲೆಯ ಮುಂದಿದ್ದವಳಿಗೆ ತಿಳಿಯುತ್ತಿತ್ತು. ಹಾರ್ನೆಸ್ ಕೂಡ ಅದೇ ಕಾಳಜಿಯಿಂದ ಹುಟ್ಟಿದ ವಸ್ತು.

ವೈದ್ಯೆಯಾಗಿ ಇನ್ನೊಂದು ಕಾರಣ ಹೇಳುತ್ತೇನೆ. ಓಡಲು ಹೊರಟ ಮಗುವಿನ ಕೈಯನ್ನು ನಾವು ಗಬಕ್ಕನೆ ಹಿಡಿದು ಎಳೆಯುತ್ತೇವೆ. ಆ ಎಳೆತಕ್ಕೆ ಮೊಣಕೈಯ ಕೀಲು ಜಾರುತ್ತದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಇದು ಸಾಮಾನ್ಯ, ಏಕೆಂದರೆ ಅಲ್ಲಿ ಮೂಳೆಯ ತುದಿಯನ್ನು ಹಿಡಿದಿಟ್ಟಿರುವ ಸ್ನಾಯುಬಂಧ ಇನ್ನೂ ಸಡಿಲ. ಅಂಥ ಮಗು ಕ್ಲಿನಿಕ್ಕಿಗೆ ಬರುವ ರೀತಿಯೇ ಬೇರೆ. ಕೈ ಊದಿರುವುದಿಲ್ಲ, ಗಾಯವಿರುವುದಿಲ್ಲ. ತೋಳನ್ನು ಸ್ವಲ್ಪ ಮಡಚಿ ಮೈಗೆ ಒತ್ತಿಕೊಂಡು ಸುಮ್ಮನೆ ಕೂತಿರುತ್ತದೆ. ಬಿಸ್ಕತ್ತು ಕೊಟ್ಟರೆ ಇನ್ನೊಂದು ಕೈ ಚಾಚುತ್ತದೆ. ವೈದ್ಯರು ಕೀಲನ್ನು ಕೂರಿಸಿದರೆ ಹೆಚ್ಚಿನ ಮಕ್ಕಳು ಕೆಲವೇ ನಿಮಿಷಗಳಲ್ಲಿ ಕೈ ಆಡಿಸುತ್ತಾರೆ. ಮನೆಯಲ್ಲಿ ತಿರುಚಿ ನೋಡಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಎದೆಯ ಸುತ್ತ ಹಾಕುವ ಹಾರ್ನೆಸ್‌ನಲ್ಲಿ ಎಳೆತ ಎದೆ, ಭುಜ, ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಮಣಿಕಟ್ಟಿಗೆ ಕಟ್ಟುವ ಸುರುಳಿ ಪಟ್ಟಿಯಲ್ಲಿ ಭಾರವೆಲ್ಲ ಅದೇ ಮೊಣಕೈಗೆ ಬೀಳುವುದರಿಂದ ನಾನು ಅದನ್ನು ಹೇಳುವುದಿಲ್ಲ.

ಹಾಕುವಾಗ ಗಮನಿಸಬೇಕಾದದ್ದು ಇಷ್ಟು. ಎದೆಯ ಬಕಲ್ ಹಾಕಿದ ಮೇಲೆ ಪಟ್ಟಿ ಮತ್ತು ಮೈ ನಡುವೆ ನಿಮ್ಮ ಎರಡು ಬೆರಳು ಹೋಗಬೇಕು, ಅಂಗೈ ಹೋಗಬಾರದು. ಪಟ್ಟಿ ಬೆನ್ನಿನ ಹಿಂದಿನಿಂದ ಬರಬೇಕು, ಕುತ್ತಿಗೆಯ ಬಳಿ ಸುಳಿಯಬಾರದು. ತುದಿಯ ಕುಣಿಕೆಯೊಳಗೆ ಕೈ ತೂರಿಸಿ ಮುಷ್ಟಿಯಲ್ಲಿ ಹಿಡಿಯಿರಿ, ಬೆರಳಿಗೆ ಸುತ್ತಿಕೊಳ್ಳಬೇಡಿ. ಮಗುವಿನ ಉಡುದಾರಕ್ಕೆ ಪಟ್ಟಿ ಕಟ್ಟುವ ಉಪಾಯ ಬೇಡವೇ ಬೇಡ. ಅವಳಿಗಳನ್ನು ಒಬ್ಬರಿಗೊಬ್ಬರು ಸೇರಿಸಿ ಕಟ್ಟಬೇಡಿ. ಒಬ್ಬರು ಬಿದ್ದರೆ ಇನ್ನೊಬ್ಬರನ್ನೂ ಬೀಳಿಸುತ್ತಾರೆ. ಎರಡು ಬಣ್ಣದ ಪಟ್ಟಿ ತೆಗೆದುಕೊಂಡು ಮಗಳು ಯಾವಾಗಲೂ ಎಡಕ್ಕೆ, ಮಗ ಬಲಕ್ಕೆ ಎಂದು ರೂಢಿ ಮಾಡಿ. ಇಲ್ಲದಿದ್ದರೆ ಅವರು ನಿಮ್ಮ ಸುತ್ತ ಸುತ್ತಿ, ಕಾಲಿಗೆ ಪಟ್ಟಿ ತೊಡರಿ, ಮೊದಲು ಬೀಳುವವರು ನೀವೇ.

ಜಾರುಬಂಡೆ, ಉಯ್ಯಾಲೆ ಹತ್ತುವ ಮುನ್ನ ಹಾರ್ನೆಸ್ ಬಿಚ್ಚಲೇಬೇಕು. ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರಿಗೇ ಅಪಾಯ. ಕಂಬಕ್ಕೆ, ಕುರ್ಚಿಗೆ ಕಟ್ಟಿ ‘ಒಂದೇ ನಿಮಿಷ’ ಎಂದು ಹೋಗುವುದೂ ಸಲ್ಲದು. ಪಟ್ಟಿಯ ಇನ್ನೊಂದು ತುದಿಯಲ್ಲಿ ಸದಾ ದೊಡ್ಡವರ ಕೈ ಇರಬೇಕು. ಹಾಗಿದ್ದರೆ ಮಾತ್ರ ಅದು ಅತ್ತೆಯವರು ಹೆದರಿದ ಹಗ್ಗವಾಗುವುದಿಲ್ಲ.

ಪ್ರಶ್ನೆ: ನಾನು, ಹೆಂಡತಿ, ಎರಡೂವರೆ ವರ್ಷದ ಅವಳಿಗಳು. ಒಬ್ಬನನ್ನು ಮುಂದೆ ನಿಲ್ಲಿಸಿ, ಒಬ್ಬನನ್ನು ಮಧ್ಯೆ ಕೂರಿಸಿ ಸ್ಕೂಟರಿನಲ್ಲಿ ಓಡಾಡುತ್ತೇವೆ. ನಡೆಯುವಾಗ ಬಳಸುವ ಹಾರ್ನೆಸ್ ಇದೆ. ಅದನ್ನೇ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸಾಕೇ?
— ಒಬ್ಬ ತಂದೆ, ಹಾಸನ

ಉತ್ತರ: ಸಾಲದು. ಅದರಿಂದ ಅಪಾಯ ಹೆಚ್ಚುತ್ತದೆ. ನಡಿಗೆಯ ಹಾರ್ನೆಸ್‌ನ ಹೊಲಿಗೆ, ಬಕಲ್ ಎಲ್ಲವೂ ನಡೆಯುವ ಮಗುವಿನ ಎಳೆತಕ್ಕೆ ಲೆಕ್ಕಹಾಕಿ ಮಾಡಿದ್ದು. ಬ್ರೇಕ್ ಹಾಕಿದಾಗಿನ ಹೊಡೆತಕ್ಕೆ ಅದು ತಾಳುವುದಿಲ್ಲ.

ಸ್ಕೂಟರಿಗೆಂದೇ ಬೇರೆ ಹಾರ್ನೆಸ್ ಇದೆ. ಮಗು ಜಾಕೀಟಿನ ಹಾಗೆ ತೊಡುತ್ತದೆ, ಅದರ ಪಟ್ಟಿಗಳನ್ನು ಸವಾರ ಭುಜಕ್ಕೆ ಹಾಕಿಕೊಳ್ಳುತ್ತಾನೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮ ಒಂದು ವರ್ಷದ ನಂತರ ಜಾರಿಗೆ ಬಂತು. ಅದರಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಇಂಥ ಹಾರ್ನೆಸ್‌ನಿಂದ ಸವಾರನಿಗೆ ಜೋಡಿಸಬೇಕು. ಅದು 30 ಕಿಲೋ ಭಾರ ತಡೆಯಬೇಕು. 9 ತಿಂಗಳಿಂದ 4 ವರ್ಷದ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು. ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು.

ಆದರೆ ನಿಮ್ಮ ಪ್ರಶ್ನೆಯ ತಿರುಳು ಬೇರೆ ಇದೆ. ದ್ವಿಚಕ್ರ ವಾಹನದಲ್ಲಿ ಸವಾರನ ಜೊತೆ ಒಬ್ಬರು ಮಾತ್ರ ಕೂರಬೇಕೆಂದು ಕಾನೂನಿದೆ. ನಾಲ್ವರ ಪ್ರಯಾಣಕ್ಕೆ ಅದರಲ್ಲಿ ಜಾಗವಿಲ್ಲ. ಮುಂದೆ ನಿಂತ ಮಗುವಿನ ಮುಖಕ್ಕೂ ಹ್ಯಾಂಡಲಿಗೂ ಎಷ್ಟು ಅಂತರ ಎಂದು ಇವತ್ತು ಸ್ಕೂಟರ್ ನಿಲ್ಲಿಸಿದಾಗ ಒಮ್ಮೆ ನೋಡಿ. ನಾಯಿ ಅಡ್ಡ ಬಂದು ಬ್ರೇಕ್ ಒತ್ತಿದರೆ ಮೊದಲು ಬಡಿಯುವುದು ಮಗುವಿನ ಗಲ್ಲ, ಹಲ್ಲು, ಹಣೆ. ನಾಲ್ವರೂ ಹೋಗಬೇಕಾದ ದಿನ ಬಸ್ಸೋ ಆಟೋವೋ ಹಿಡಿಯಿರಿ. ಹತ್ತಿರದ ದಾರಿಯಾದರೆ ಹಾರ್ನೆಸ್, ಹೆಲ್ಮೆಟ್ ಹಾಕಿ ಒಬ್ಬನನ್ನು ಬಿಟ್ಟುಬಂದು ಇನ್ನೊಬ್ಬನನ್ನು ಕರೆದೊಯ್ಯಬಹುದು, ಎರಡೂ ಕಡೆ ನಂಬಿಕೆಯ ದೊಡ್ಡವರು ಇದ್ದರೆ ಮಾತ್ರ.

ಪ್ರಶ್ನೆ: ಗಂಡ ಹೊರದೇಶದಲ್ಲಿದ್ದಾರೆ. ಎರಡು ವರ್ಷದ ಅವಳಿ ಹೆಣ್ಣುಮಕ್ಕಳನ್ನು ನಾನೊಬ್ಬಳೇ ಕರೆದುಕೊಂಡು ಹೋಗಬೇಕು. ಇಬ್ಬರೂ ಒಂದೇ ಸಲ ಬೇರೆ ಬೇರೆ ದಿಕ್ಕಿಗೆ ಓಡಿದರೆ ಯಾರ ಹಿಂದೆ ಹೋಗಲಿ? ಈ ಭಯಕ್ಕೇ ಮನೆ ಬಿಟ್ಟು ಹೊರಡುವುದನ್ನು ನಿಲ್ಲಿಸಿದ್ದೇನೆ.
— ಒಬ್ಬ ತಾಯಿ, ಬೆಂಗಳೂರು

ಉತ್ತರ: ಅಪಾಯಕ್ಕೆ ಹತ್ತಿರ ಇರುವವಳ ಹಿಂದೆ. ಒಬ್ಬಳು ರಸ್ತೆಯ ಕಡೆ, ಒಬ್ಬಳು ಅಂಗಡಿಯ ಕಡೆ ಓಡಿದರೆ ರಸ್ತೆಯ ಕಡೆಯವಳನ್ನು ಹಿಡಿಯಿರಿ. ಇನ್ನೊಬ್ಬಳನ್ನು ಹಿಡಿದುಕೊಳ್ಳುವಂತೆ ಹತ್ತಿರದವರಿಗೆ ಜೋರಾಗಿ ಕೂಗಿ ಹೇಳಿ, ‘ಹಳದಿ ಫ್ರಾಕು, ಹಿಡ್ಕೊಳ್ಳಿ!’ ಎಂದು. ಸಂಕೋಚ ಬೇಡ. ಇದನ್ನು ಮನೆಯಲ್ಲಿದ್ದಾಗಲೇ ನಿರ್ಧರಿಸಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಯೋಚಿಸಲು ಬಿಡುವಿರುವುದಿಲ್ಲ.

ನನ್ನ ಅವಳಿಗಳಿಗೆ ಎರಡು ವರ್ಷವಾಗಿದ್ದಾಗ ಒಂದು ಬಸ್ ನಿಲ್ದಾಣದ ಮುಂದೆ ಆಟೋದಿಂದ ಇಳಿದೆ. ಇಬ್ಬರನ್ನೂ ಕೆಳಗಿಳಿಸಿ, ಚೀಲ ಇಟ್ಟು, ಪರ್ಸಿನಲ್ಲಿ ಚಿಲ್ಲರೆ ಹುಡುಕಿದೆ. ತಲೆ ಎತ್ತಿದಾಗ ಮಗ ಇರಲಿಲ್ಲ. ಮಗಳನ್ನು ಚೀಲದ ಪಕ್ಕ ಬಿಟ್ಟು ಓಡಿದೆ. ಅವನು ಹೂ ಮಾರುವ ಅಜ್ಜಿಯ ಬುಟ್ಟಿಯ ಮುಂದೆ ಸೇವಂತಿಗೆ ಎಸಳು ಕೀಳುತ್ತಾ ಕೂತಿದ್ದ. ಹಿಂದಿರುಗಿದಾಗ ಮಗಳು ಅಲ್ಲೇ ಅಳುತ್ತಾ ನಿಂತಿದ್ದಳು. ಅವತ್ತು ಏನೂ ಆಗಲಿಲ್ಲ. ತಪ್ಪು ಮಾತ್ರ ನನ್ನದು: ಹಣ ಕೊಡುವ ಮೊದಲೇ ಮಕ್ಕಳನ್ನು ಇಳಿಸಿದ್ದೆ.

ಅಂದಿನಿಂದ ನಮ್ಮ ಮನೆಯ ಕ್ರಮ ಹೀಗಾಯಿತು. ಆಟೋ ನಿಂತ ಮೇಲೆ, ಎಲ್ಲರೂ ಒಳಗೆ ಇರುವಾಗಲೇ ಹಣ ಕೊಡುವುದು. ಒಳಗೇ ಹಾರ್ನೆಸ್ ಹಾಕಿ ಪಟ್ಟಿ ಕೈಗೆ ತೆಗೆದುಕೊಳ್ಳುವುದು. ಫುಟ್‌ಪಾತಿನ ಬದಿಗೆ ಮೊದಲು ನಾನು, ಆಮೇಲೆ ಮಕ್ಕಳು, ಕೊನೆಗೆ ಚೀಲ. ಚೀಲವೂ ಹೆಗಲಿಗೆ ಹಾಕುವಂಥದ್ದು, ಕೈ ಖಾಲಿ ಇರಲಿ ಎಂದು.

ಜೋಡಿ ತಳ್ಳುಗಾಡಿ ಕೊಳ್ಳುವುದಾದರೆ ಮೊದಲು ನಿಮ್ಮ ಬಾಗಿಲು, ಲಿಫ್ಟ್ ಅಳತೆ ತೆಗೆಯಿರಿ. ಅಕ್ಕಪಕ್ಕ ಕೂರುವಂಥದ್ದು ಅಗಲ, ಹಿಂದೆಮುಂದೆ ಕೂರುವಂಥದ್ದು ಉದ್ದ. ನಮ್ಮ ಫುಟ್‌ಪಾತುಗಳಲ್ಲಿ ಎರಡೂ ಕಷ್ಟವೇ. ಒಬ್ಬಳನ್ನು ಎದೆಯ ಕ್ಯಾರಿಯರಿನಲ್ಲಿ ಹಾಕಿಕೊಂಡು ಇನ್ನೊಬ್ಬಳನ್ನು ಹಾರ್ನೆಸ್‌ನಲ್ಲಿ ನಡೆಸುವುದು ಹಲವು ತಾಯಂದಿರಿಗೆ ಒಗ್ಗಿದೆ. ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಬಿಟ್ಟು ಲಿಫ್ಟಿನಲ್ಲೇ ಹೋಗಿ. ಇಳಿಬಿದ್ದ ಪಟ್ಟಿ ಎಸ್ಕಲೇಟರಿನ ಹಲ್ಲಿಗೆ ಸಿಕ್ಕರೆ ಮಗುವನ್ನೂ ಎಳೆದುಕೊಳ್ಳುತ್ತದೆ.

ದಯವಿಟ್ಟು ಹೊರಡುವುದನ್ನು ನಿಲ್ಲಿಸಬೇಡಿ. ಮಕ್ಕಳಿಗೂ ನಿಮಗೂ ಗಾಳಿ ಬೆಳಕು ಬೇಕು. ಗೇಟು, ಬೇಲಿ ಇರುವ ಪಾರ್ಕಿನಿಂದ ಶುರುಮಾಡಿ, ಹದಿನೈದು ನಿಮಿಷ ಸಾಕು.

ಪ್ರಶ್ನೆ: ನಮ್ಮ ಊರಿನ ಮಾರಿಕಾಂಬಾ ಜಾತ್ರೆಗೆ ಮಗಳು ಎರಡೂವರೆ ವರ್ಷದ ಅವಳಿ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬೇಡ ಅನ್ನಲು ಮನಸ್ಸಿಲ್ಲ. ಆ ಜನಸಾಗರದಲ್ಲಿ ಕೈತಪ್ಪಿದರೆ?
— ಒಬ್ಬ ಅಜ್ಜಿ, ಶಿರಸಿ

ಉತ್ತರ: ಅಮ್ಮ, ಕರೆದುಕೊಂಡು ಹೋಗಿ. ಆದರೆ ತೇರು ಎಳೆಯುವ ಹೊತ್ತಿನ ನೂಕುನುಗ್ಗಲಿಗೆ ಬೇಡ. ದೇವಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂತ ಮೇಲೆ, ಜನ ಕಡಿಮೆ ಇರುವ ದಿನದ ಬೆಳಗಿನ ಹೊತ್ತು ಆರಿಸಿಕೊಳ್ಳಿ. ದಟ್ಟ ಗುಂಪಿನಲ್ಲಿ ಹಾರ್ನೆಸ್ ಮೇಲೆ ಭರವಸೆ ಇಡಬೇಡಿ. ಉದ್ದ ಪಟ್ಟಿಯ ನಡುವೆ ಜನ ನುಗ್ಗುತ್ತಾರೆ, ಎಡವುತ್ತಾರೆ. ಅಲ್ಲಿ ಮಕ್ಕಳು ಸೊಂಟದ ಮೇಲಿರಬೇಕು.

ಹೊರಡುವ ಮುನ್ನ ಒಂದು ಮಾತು ಎಲ್ಲರ ಎದುರು ಆಗಿಬಿಡಲಿ: ಯಾವ ಮಗು ಯಾರದು? ‘ದೊಡ್ಡವನು ನನ್ನ ಹತ್ತಿರ, ಚಿಕ್ಕವನು ಮಾವನ ಹತ್ತಿರ’ ಎಂದು ಹೆಸರು ಹಿಡಿದು ಹೇಳಬೇಕು. ಆರು ಜನ ದೊಡ್ಡವರಿದ್ದ ಗುಂಪಿನಲ್ಲೂ ಮಕ್ಕಳು ಕಾಣೆಯಾಗುತ್ತಾರೆ, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಕೈ ಬದಲಾಯಿಸುವಾಗ ‘ಈಗ ಇವನು ನಿನ್ನವನು’ ಎಂದು ಬಾಯಿಬಿಟ್ಟು ಹೇಳಿ, ‘ಹೂಂ’ ಎಂಬ ಉತ್ತರ ಬಂದ ಮೇಲೆ ಬಿಡಿ.

ಹೊರಡುವಾಗ ಇಬ್ಬರ ಫೋಟೊ ಮೊಬೈಲಿನಲ್ಲಿ ತೆಗೆಯಿರಿ, ಅವತ್ತಿನ ಬಟ್ಟೆ, ಚಪ್ಪಲಿ ಕಾಣುವಂತೆ. ತೋಳಿನ ಮೇಲೆ ಪೆನ್ನಿನಿಂದ ಫೋನ್ ನಂಬರ್ ಬರೆಯಿರಿ. ಹೆಸರು ಹೊರಗೆ ಕಾಣುವಂತೆ ಬರೆಯಬೇಡಿ, ಹೆಸರು ಹಿಡಿದು ಕರೆದವರ ಹಿಂದೆ ಮಗು ಹೋಗಿಬಿಡುತ್ತದೆ. ಕೈತಪ್ಪಿದರೆ ಒಬ್ಬರು ಕೊನೆಗೆ ಕಂಡ ಜಾಗದಲ್ಲೇ ನಿಲ್ಲಿ, ಇನ್ನೊಂದು ಮಗುವನ್ನು ಎತ್ತಿಕೊಂಡು. ಉಳಿದವರು ಹುಡುಕಲಿ, ಒಬ್ಬರು ಪೊಲೀಸರ ಬಳಿ, ಮೈಕಿನವರ ಬಳಿ ಓಡಲಿ. 112ಕ್ಕೆ, ಮಕ್ಕಳ ಸಹಾಯವಾಣಿ 1098ಕ್ಕೆ ತಡಮಾಡದೆ ಕರೆ ಮಾಡಿ.

ಕಡಲೆಬೀಜ, ಗಟ್ಟಿ ಮಿಠಾಯಿ, ಇಡೀ ದ್ರಾಕ್ಷಿ ಈ ವಯಸ್ಸಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಬಲೂನು ಒಡೆದರೆ ಚೂರುಗಳನ್ನು ಕೂಡಲೇ ಹೆಕ್ಕಿ ಬಿಸಾಡಿ. ಆ ರಬ್ಬರು ಉಸಿರುನಾಳಕ್ಕೆ ಅಂಟಿಕೊಂಡರೆ ತೆಗೆಯುವುದು ಬಹಳ ಕಷ್ಟ.

ಪ್ರಶ್ನೆ: ಮಲ್ಪೆ ಬೀಚಿನಲ್ಲಿ ಅವಳಿಗಳಿಗೆ ಹಾರ್ನೆಸ್ ಹಾಕಿ ಅಲೆಗೆ ಬಿಡಬಹುದೇ?
— ಒಬ್ಬ ತಂದೆ, ಉಡುಪಿ

ಉತ್ತರ: ಬೇಡ. ನೀರಿನಲ್ಲಿ ಪಟ್ಟಿ ಮಗುವಿಗೆ ಸುತ್ತಿಕೊಳ್ಳುತ್ತದೆ, ತಲೆಯನ್ನು ಮೇಲೆ ಹಿಡಿಯುವುದಿಲ್ಲ. ಗಾಳಿ ತುಂಬಿದ ರಿಂಗೂ ರಕ್ಷಣೆಯಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಎರಡು ಇಂಚು ನೀರೂ ಸಾಕು. ಆದ್ದರಿಂದ ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಫೋನು ಚೀಲದೊಳಗೆ. ನೀವೊಬ್ಬರೇ ಇದ್ದರೆ ಅವತ್ತು ಮರಳಾಟ ಮಾತ್ರ, ಅದೂ ಅಲೆಯಿಂದ ದೂರ. ಏನಾದರೂ ಆದರೆ ಮಗುವನ್ನು ತಲೆಕೆಳಗು ಮಾಡಿ ಹೊಟ್ಟೆ ಒತ್ತಬೇಡಿ. ಉಸಿರಾಡದಿದ್ದರೆ ಕೂಡಲೇ ಬಾಯಿಯಿಂದ ಉಸಿರು ಕೊಡುತ್ತಾ ಎದೆ ಒತ್ತಲು ಶುರುಮಾಡಿ, ಜೊತೆಗಿದ್ದವರಿಂದ 108ಕ್ಕೆ ಕರೆ ಮಾಡಿಸಿ. ಇದನ್ನು ಸಮುದ್ರಕ್ಕೆ ಹೋಗುವ ಮೊದಲು ಯಾರಾದರೂ ತಿಳಿದವರಿಂದ ಕಲಿತಿರಿ.

ಪ್ರಶ್ನೆ: ಹಾರ್ನೆಸ್ ಎಷ್ಟು ವರ್ಷದವರೆಗೆ? ರೂಢಿಯಾಗಿ ಮಕ್ಕಳು ತಾವಾಗಿ ನಡೆಯುವುದನ್ನೇ ಕಲಿಯದಿದ್ದರೆ?
— ಒಬ್ಬ ತಾಯಿ, ಧಾರವಾಡ

ಉತ್ತರ: ಕಲಿಯುತ್ತಾರೆ, ನಾವು ಕಲಿಸುತ್ತಾ ಹೋದರೆ. ಅಂಗಳದಲ್ಲಿ ದಿನಾ ಐದು ನಿಮಿಷ ‘ನಿಲ್ಲು–ನಡಿ’ ಆಟ ಆಡಿಸಿ. ರಸ್ತೆಯಲ್ಲಿ ಪಟ್ಟಿ ಜಗ್ಗುವ ಮೊದಲು ಬಾಯಲ್ಲಿ ‘ನಿಲ್ಲು’ ಅನ್ನಿ. ನಿಂತರೆ ಮೆಚ್ಚಿ ಒಂದು ಮಾತು ಹೇಳಿ. ಮಾತಿಗಿಂತ ಮೊದಲು ಪಟ್ಟಿ ಎಳೆದರೆ ಮಗು ಕಲಿಯುವುದು ಎಳೆತವನ್ನೇ. ಅವಳಿಗಳು ಒಟ್ಟಿಗೇ ಕಲಿಯುತ್ತಾರೆ ಎಂದುಕೊಳ್ಳಬೇಡಿ. ಒಬ್ಬರಿಗೆ ಮೊದಲು ಬಿಚ್ಚುವ ಕಾಲ ಬರಬಹುದು. ಅದರಲ್ಲಿ ಭೇದವೇನಿಲ್ಲ.

ಮೂರು ವರ್ಷದ ಆಸುಪಾಸಿನಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಿ. ಮನೆಯಿಂದ ಹೊರಟು ಮನೆಗೆ ಬರುವ ತನಕ ಪಟ್ಟಿ ಎಷ್ಟು ಸಲ ಬಿಗಿಯಾಯಿತು? ಮೊದಲ ದಿನ ಎಣಿಸಲೂ ಆಗುವುದಿಲ್ಲ. ಆಮೇಲೆ ಹತ್ತು, ಐದು, ಎರಡು. ವಾರಗಟ್ಟಲೆ ಒಂದು ಸಲವೂ ಬಿಗಿಯಾಗದೆ, ಪಟ್ಟಿ ನಿಮ್ಮಿಬ್ಬರ ನಡುವೆ ಸಡಿಲವಾಗಿ ಜೋತಾಡುತ್ತಾ ಮನೆ ಸೇರಿದರೆ, ಶಾಂತವಾದ ಒಂದು ಬೀದಿಯಲ್ಲಿ ಅದನ್ನು ಬಿಚ್ಚಿ ಬರಿಗೈ ಚಾಚಿ. ಮಗು ತಾನಾಗಿ ಬಂದು ನಿಮ್ಮ ಬೆರಳು ಹಿಡಿದರೆ ಹಾರ್ನೆಸ್‌ನ ಕೆಲಸ ಮುಗಿಯಿತು.