ಮರ್ಯಾದೆಯ ಮಾತು ಕಡಿಮೆಯಾಗಿದೆಯೇ?

(ಶಿವಾನುಭವ ಗೋಷ್ಠಿಯ ಅಭ್ಯಾಸಕ್ಕಾಗಿ)



ಮದುವೆ ಮನೆಯಿರಲಿ, ಮಂಡಿಯ ಜಗುಲಿಯಿರಲಿ, ನಾಲ್ಕು ಜನ ಹಿರಿಯರು ಸೇರಿದ ಕಡೆ ಈಗ ತಪ್ಪದೆ ಕೇಳಿಬರುವ ಮಾತೊಂದಿದೆ: “ಕಾಲ ಕೆಟ್ಟಿತು. ಈಗಿನವರಿಗೆ ದೊಡ್ಡವರು ಚಿಕ್ಕವರು ಎಂಬುದೇ ಗೊತ್ತಿಲ್ಲ.” ಮನೆಗೆ ಬಂದವರನ್ನು ಕಂಡು ಮಕ್ಕಳು ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಪ್ರಸಾದಕ್ಕೆ ಕುಳಿತಾಗ ಪಕ್ಕದವರಿಗೆ ಬಡಿಸಿದರೋ ಇಲ್ಲವೋ ಎಂದು ನೋಡುವುದಿಲ್ಲ. ಆಶೀರ್ವಚನದ ನಡುವೆ ಯಾರದೋ ಜೇಬಿನಲ್ಲಿ ಫೋನು ಹಾಡತೊಡಗುತ್ತದೆ.

ಈ ದೂರು ಸುಳ್ಳೆಂದು ಯಾರೂ ಹೇಳಲಾರರು. ಆದರೆ ದೂರು ಹೇಳಿ ಎದ್ದುಹೋದರೆ ಯಾವುದೂ ಸರಿಯಾಗದು. ಲೆಕ್ಕ ತಾಳೆಯಾಗದಿದ್ದಾಗ ಒಟ್ಟು ಮೊತ್ತವನ್ನು ಬೈದು ಪ್ರಯೋಜನವೇನು? ಒಂದೊಂದು ಬಾಬನ್ನೂ ತೆಗೆದು ನೋಡಬೇಕು. ಮರ್ಯಾದೆಯ ಲೆಕ್ಕವನ್ನೂ ಹಾಗೆಯೇ ನೋಡೋಣ. ಯಾರು ಯಾರಿಗೆ ಕೊಡುತ್ತಿದ್ದಾರೆ, ಯಾರಿಗೆ ಸಲ್ಲದೆ ಬಾಕಿ ಉಳಿದಿದೆ ಎಂಬುದು ಆಗ ತಿಳಿಯುತ್ತದೆ.

1. ನಾವಿರುವ ನೆಲದ ರೀತಿ

ಈ ಸೀಮೆಯಲ್ಲಿ ಕನ್ನಡ ಹೊಸದಾಗಿ ಬಂದದ್ದಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಆಗುವವರೆಗೂ ಕೊಳ್ಳೇಗಾಲ ತಾಲೂಕು, ಮಲೆ ಮಹದೇಶ್ವರ ಬೆಟ್ಟವೂ ಸೇರಿದಂತೆ, ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಅಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಸೀಮೆ ಇತ್ತಲೇ ಉಳಿಯಿತು. ಮುಂದೆ ಈರೋಡು ಬೇರೆ ಜಿಲ್ಲೆಯಾಯಿತು, 2009ರಲ್ಲಿ ತಿರುಪ್ಪೂರು ಜಿಲ್ಲೆಯಾಯಿತು. ಗಡಿಯ ಗೆರೆಗಳು ಎಷ್ಟು ಬಾರಿ ಬದಲಾದರೂ ಕುನ್ನತ್ತೂರು, ಗೋಬಿ, ಸತ್ಯಮಂಗಲ, ಅವಿನಾಶಿ ಕಡೆಯ ನಮ್ಮ ಮನೆಗಳಲ್ಲಿ ಒಳಗೆ ಕನ್ನಡ, ಹೊರಗೆ ತಮಿಳು ಎಂಬ ಬಾಳು ನಡೆದುಬಂದಿದೆ.

ನಾವು ಬಾಳುತ್ತಿರುವ ಕೊಂಗುನಾಡು ಮಾತಿನ ಮರ್ಯಾದೆಗೆ ತಮಿಳುನಾಡಿನಲ್ಲೆಲ್ಲ ಹೆಸರಾದದ್ದು. ಇಲ್ಲಿಯವರ ಬಾಯಲ್ಲಿ “ವಾಂಗ”, “ಸರೀಂಗ”, “ಇಲ್ಲೀಂಗ”, “ಏನುಂಗ” ಎಂದು ಮಾತಿನ ಕೊನೆಗೆ ಒಂದು ಗೌರವದ ಎಳೆ ಸೇರಿಯೇ ಬರುತ್ತದೆ. ಚಿಕ್ಕ ಮಕ್ಕಳನ್ನು “ಕಣ್ಣು” ಎನ್ನುತ್ತಾರೆ, “ಸಾಮಿ” ಎನ್ನುತ್ತಾರೆ. ಹೆಣ್ಣುಮಕ್ಕಳನ್ನು “ಅಮ್ಮಿಣಿ” ಎಂದು ಕರೆಯುತ್ತಾರೆ. ಬಸ್ಸಿನಲ್ಲಿ ದಾರಿ ಬಿಡಿ ಎನ್ನುವುದಕ್ಕೂ ಸಂತೆಯಲ್ಲಿ ಬೆಲೆ ಹೆಚ್ಚಾಯಿತು ಎನ್ನುವುದಕ್ಕೂ ಆ ಎಳೆ ಬಿಟ್ಟುಹೋಗದು. ನಮ್ಮ ಕನ್ನಡದಲ್ಲಿಯೂ ಈ ಸಂಪತ್ತು ಕಡಿಮೆಯಿಲ್ಲ. ನೀವು, ತಾವು ಎಂಬ ಮಾತುಗಳಿವೆ. ಗುರುಗಳನ್ನು “ಬುದ್ಧಿ” ಎಂದು ಮಾತಾಡಿಸುವ ಚಾಮರಾಜನಗರ ಸೀಮೆಯ ರೂಢಿಯಿದೆ. ಎಲ್ಲಕ್ಕೂ ಮಿಗಿಲಾಗಿ “ಶರಣು” ಎಂಬ ನಮ್ಮದೇ ನಮಸ್ಕಾರವಿದೆ. ಎರಡು ಭಾಷೆಯ ವಿನಯವನ್ನು ಬಲ್ಲ ಜನ ನಾವು. ಹೀಗಿದ್ದೂ ಮರ್ಯಾದೆ ಕಡಿಮೆಯಾಯಿತೆಂದು ನಮ್ಮ ಮನೆಗಳಲ್ಲೇ ಕೊರಗು ಏಕೆ?

2. ಮಕ್ಕಳ ಬಾಯಿಗೆ ‘ಬನ್ನಿ’ ಏಕೆ ಬರುವುದಿಲ್ಲ?

ಮೊಮ್ಮಗ “ತಾತ, ಬಾ. ಊಟ ಮಾಡು” ಎನ್ನುತ್ತಾನೆ. ಊರಿನಿಂದ ಬಂದ ನೆಂಟರಿಗೆ ಇದು ಕಿವಿಗೆ ಚುಚ್ಚುತ್ತದೆ. ಅದೇ ಹುಡುಗ ಬಾಗಿಲಿಗೆ ಬಂದ ತಮಿಳು ಮೇಷ್ಟರನ್ನು “ವಾಂಗ ಸಾರ್, ಉಕ್ಕಾರುಂಗ” ಎಂದು ಕೈಮುಗಿದು ಕರೆಯುತ್ತಾನೆ. ಒಂದೇ ಮಗು ಒಂದು ಭಾಷೆಯಲ್ಲಿ ವಿನಯವಂತ, ಇನ್ನೊಂದರಲ್ಲಿ ಒರಟ ಆಗುವುದುಂಟೇ?

ಕಾರಣ ಸರಳ. ಈ ಕಡೆಯ ಹೆಚ್ಚಿನ ಮಕ್ಕಳಿಗೆ ಶಾಲೆಯಲ್ಲಿ ಕನ್ನಡವಿಲ್ಲ, ಬೀದಿಯಲ್ಲೂ ಇಲ್ಲ. ಅವರು ಕನ್ನಡ ಕೇಳುವುದು ಮನೆಯ ಹಿರಿಯರ ಬಾಯಿಂದ ಮಾತ್ರ, ಅದೂ ತಮ್ಮ ಕಡೆಗೆ ಬಂದ ಮಾತಾಗಿ: ಬಾ, ಕೂತ್ಕೊ, ತಿನ್ನು, ಓದು, ಸುಮ್ಮನಿರು. ಕೇಳಿದ್ದನ್ನೇ ಮಗು ತಿರುಗಿ ಆಡುತ್ತದೆ. ಬಹುವಚನ ಅದರ ಕಿವಿಗೆ ಬಿದ್ದಿದ್ದರೆ ತಾನೇ ಬಾಯಿಗೆ ಬರುವುದು? ಮನಸ್ಸಿನಲ್ಲಿ ಗೌರವ ಇದೆ, ಅದಕ್ಕೆ ತಕ್ಕ ಕನ್ನಡ ಮಾತ್ರ ಕೈಗೆ ಸಿಕ್ಕಿಲ್ಲ. ಕೊಂಗು ಮನೆಗಳ ಮಗು “ವಾಂಗ ಕಣ್ಣು” ಎಂದು ಕರೆಸಿಕೊಂಡು ಬೆಳೆಯುವುದರಿಂದ ಬೇರೊಬ್ಬರನ್ನು “ವಾಂಗ” ಎನ್ನಲು ಅದಕ್ಕೆ ಪಾಠ ಬೇಕಾಗುವುದಿಲ್ಲ.

ಇದರಿಂದ ಮೊದಲನೆಯ ಸಂಗತಿ ತಿಳಿಯುತ್ತದೆ. ಮರ್ಯಾದೆಯನ್ನು ಕೇಳಿ ಪಡೆಯಲಾಗದು. ಕೊಟ್ಟ ಕಡೆ ಅದು ಬೇರು ಬಿಡುತ್ತದೆ. ಪಡೆದವನೇ ಅದನ್ನು ಇನ್ನೊಬ್ಬರಿಗೆ ಕೊಡಬಲ್ಲ.

3. ಏಕವಚನವೆಲ್ಲ ಅವಮಾನವೇ?

ಇಲ್ಲಿ ಒಂದು ಸಂದೇಹ ಬರಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ಹೆತ್ತ ತಾಯಿಯನ್ನು “ನೀನು” ಎಂದೇ ಕರೆಯುತ್ತೇವೆ. ಶರಣರು ತಮ್ಮ ವಚನಗಳಲ್ಲಿ ಶಿವನನ್ನೇ ಏಕವಚನದಲ್ಲಿ ಕರೆದಿದ್ದಾರೆ. ಹಾಗಾದರೆ ಅದು ಅಗೌರವವೇ? ಅಲ್ಲವೇ ಅಲ್ಲ. ಹತ್ತಿರದವರೊಡನೆ ಸಲಿಗೆಯ ಮಾತು ಅದು.

ಹಾಗಿದ್ದರೆ ಸಲಿಗೆಯ ಏಕವಚನ ಯಾವುದು, ತುಚ್ಛದ ಏಕವಚನ ಯಾವುದು ಎಂದು ಗುರುತಿಸುವುದು ಹೇಗೆ? ಒಂದು ಸುಲಭ ಪರೀಕ್ಷೆ ಇದೆ: ಆ ಮಾತು ತಿರುಗಿ ಬರಬಹುದೇ? ತಾಯಿಗೆ ಮಗ “ನೀನು” ಎಂದರೆ ತಾಯಿಯೂ ಮಗನಿಗೆ “ನೀನು” ಎನ್ನುತ್ತಾಳೆ. ಇಬ್ಬರು ಗೆಳೆಯರೂ ಹಾಗೆಯೇ. ಅಲ್ಲಿ ಮಾತು ಎರಡೂ ಕಡೆಗೆ ಓಡಾಡುತ್ತದೆ. ಆದರೆ ನಮ್ಮ ತೋಟದಲ್ಲಿ ಅರಿಸಿನ ಕೀಳುವ ಅರವತ್ತು ವರ್ಷದ ಹಿರಿಯನನ್ನು ನಮ್ಮ ಹತ್ತು ವರ್ಷದ ಹುಡುಗ “ಬಾರೋ” ಎಂದಾಗ, ಆ ಹಿರಿಯ ಅದೇ ಮಾತನ್ನು ಹುಡುಗನಿಗೆ ಹಿಂದಿರುಗಿಸಬಲ್ಲನೇ? ಹಿಂದಿರುಗಿಸಲಾಗದ ಏಕವಚನದಲ್ಲಿ ಪ್ರೀತಿಯಿಲ್ಲ, ಬರೀ ದರ್ಪವಿದೆ. ತಾತನಿಗೆ “ಬಾ” ಎಂದ ಮೊಮ್ಮಗನ ಮಾತಿಗಿಂತ ಈ “ಬಾರೋ” ನಮ್ಮ ಕಿವಿಗೆ ಹೆಚ್ಚು ಚುಚ್ಚಬೇಕಿತ್ತು. ಚುಚ್ಚುತ್ತಿದೆಯೇ ಎಂದು ಕೇಳಿಕೊಳ್ಳಬೇಕು.

4. ಹಿಂದಿನ ಕಾಲದ ಮರ್ಯಾದೆ ಯಾರಿಗೆ?

“ನಮ್ಮ ಕಾಲದಲ್ಲಿ ಎಷ್ಟು ಮರ್ಯಾದೆ ಇತ್ತು” ಎನ್ನುವಾಗ ನಾವು ನೆನೆಯುವುದು ಮೇಲಕ್ಕೆ ಹೋಗುತ್ತಿದ್ದ ಮರ್ಯಾದೆಯನ್ನು. ಯಜಮಾನರು ಬಂದರೆ ಎದ್ದು ನಿಲ್ಲುವುದು, ಹೆಗಲ ಮೇಲಿನ ವಸ್ತ್ರವನ್ನು ಕಂಕುಳಿಗೆ ಇಳಿಸುವುದು, ಕಾಲಿನ ಮೆಟ್ಟು ಕೈಗೆ ತೆಗೆದುಕೊಂಡು ಬೀದಿ ದಾಟುವುದು. ಇವುಗಳಲ್ಲಿ ವಿನಯವೆಷ್ಟು, ಹೆದರಿಕೆಯೆಷ್ಟು? ಅದೇ ಕಾಲದಲ್ಲಿ ಈ ಸೀಮೆಯ ಎಷ್ಟೋ ಹಳ್ಳಿಗಳ ಟೀ ಅಂಗಡಿಗಳಲ್ಲಿ ಎರಡು ಬಗೆಯ ಲೋಟಗಳಿದ್ದವು. ಕೇರಿಯವರ ಲೋಟ ಬೇರೆ, ಊರವರ ಲೋಟ ಬೇರೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ, 1955ರಲ್ಲಿ ಅದಕ್ಕೆ ಕಾಯಿದೆಯೂ ಬಂದ ಮೇಲೆ ಸಹ ಆ ಲೋಟಗಳು ಬಹುಕಾಲ ನೇತಾಡಿದವು.

ಇಂದು ಕೂಲಿಯ ಮಗ ಓದಿ, ನಮ್ಮನ್ನು ಕಂಡಾಗ ಎದ್ದು ನಿಲ್ಲದೆ, ನೇರವಾಗಿ ನೋಡಿ “ನಮಸ್ಕಾರ” ಎಂದರೆ ಮರ್ಯಾದೆ ಕಡಿಮೆಯಾಯಿತೆಂದು ಬರೆದುಕೊಳ್ಳಬಾರದು. ಕಡಿಮೆಯಾದದ್ದು ಹೆದರಿಕೆ. ಹೆದರಿಕೆ ಎದುರಿನವನ ಬಲವನ್ನು ನೋಡಿ ತಲೆಬಾಗುತ್ತದೆ. ವಿನಯ ಎದುರಿನವನಲ್ಲಿರುವ ಶಿವನನ್ನು ನೋಡಿ ಕೈಮುಗಿಯುತ್ತದೆ. ಎರಡನ್ನೂ ಒಂದೇ ಖಾತೆಗೆ ಬರೆದುದರಿಂದಲೇ ನಮ್ಮ ಲೆಕ್ಕ ತಪ್ಪಿದೆ.

5. ಶರಣರು ಮಾಡಿದ ತಿದ್ದುಪಡಿ

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಸೂಜಿಕಾಯಕದ ರಾಮಿತಂದೆ, ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ತೊಗಲು ಹದ ಮಾಡುವವರು, ಹಗ್ಗ ಹೊಸೆಯುವವರು, ಭತ್ತ ಕುಟ್ಟುವವರು. ಕಸುಬಿನ ಹೆಸರನ್ನು ಯಾರೂ ಮರೆಮಾಚಲಿಲ್ಲ. ಆ ಹೆಸರಿನ ಜೊತೆಗೇ ಅಯ್ಯ, ಅಣ್ಣ, ತಂದೆ, ಅಮ್ಮ ಎಂಬ ಗೌರವ ಸೇರಿತು. ಹೊರಗಿನ ಸಮಾಜ ಏಕವಚನದಲ್ಲಿ ಕೂಗುತ್ತಿದ್ದ ಜನರನ್ನು ಅನುಭವ ಮಂಟಪ ಅಯ್ಯ, ಅವ್ವ ಎಂದು ಕರೆಯಿತು. ನಮ್ಮ ಧರ್ಮದ ಮೊದಲ ಕ್ರಾಂತಿ ನಡೆದದ್ದು ಈ ಕರೆಯುವ ಮಾತಿನಲ್ಲಿಯೇ ಎಂದರೆ ತಪ್ಪಾಗದು.

ಹರಳಯ್ಯನವರ ಕಥೆಯನ್ನು ಎಲ್ಲರೂ ಬಲ್ಲರು. ಚಮ್ಮಾರ ಕಾಯಕದ ಹರಳಯ್ಯನವರು ದಾರಿಯಲ್ಲಿ ಬಸವಣ್ಣನವರಿಗೆ ಒಮ್ಮೆ “ಶರಣು” ಎಂದರಂತೆ. ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರು “ಶರಣು ಶರಣಾರ್ಥಿ” ಎಂದು ಉತ್ತರಿಸಿದರಂತೆ. ಒಂದು ಮಾತು ಹೆಚ್ಚಾಗಿ ಬಂದಿತಲ್ಲ, ಈ ಋಣವನ್ನು ತೀರಿಸುವುದು ಹೇಗೆಂದು ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರೆಂದು ಪರಂಪರೆ ಹೇಳುತ್ತದೆ. ಈ ಕಥೆ ಕೇಳುವಾಗ ನಮ್ಮ ಗಮನವೆಲ್ಲ ಪಾದರಕ್ಷೆಯ ಕಡೆಗೆ ಹೋಗುತ್ತದೆ. ಮೊದಲ ಭಾಗವನ್ನೂ ಗಮನಿಸಬೇಕು. ಅಧಿಕಾರದಲ್ಲಿದ್ದವರು ತಮಗೆ ಬಂದುದಕ್ಕಿಂತ ಒಂದು ಮಾತು ಹೆಚ್ಚಾಗಿ ಕೊಟ್ಟರು. ಜೀವಮಾನದಲ್ಲಿ ಅಂಥ ಮಾತನ್ನು ಕೇಳದವರಿಗೆ ಅದು ತೊಡೆಯ ಚರ್ಮದಷ್ಟು ಬೆಲೆಯದಾಗಿ ಕಂಡಿತು.

ಪಂಚಾಚಾರಗಳಾದ ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳಲ್ಲಿ ನಾವು ಕಡಿಮೆ ಮಾತಾಡುವುದು ಭೃತ್ಯಾಚಾರದ ಬಗ್ಗೆ. ತಾನು ಸೇವಕನೆಂಬ ಭಾವದಿಂದ ಎಲ್ಲರೊಡನೆ ನಡೆದುಕೊಳ್ಳುವುದೇ ಭೃತ್ಯಾಚಾರ. ಅಂದರೆ ನಮ್ಮಲ್ಲಿ ವಿನಯ ಬರೀ ಶಿಷ್ಟಾಚಾರವಲ್ಲ, ಲಿಂಗಪೂಜೆಯಷ್ಟೇ ಕಡ್ಡಾಯವಾದ ಆಚಾರ. ಪೂಜೆ ಮುಗಿಸಿ ಎದ್ದವರು ಅಂಗಳದಲ್ಲಿ ಆಳನ್ನು ತುಚ್ಛವಾಗಿ ಕೂಗಿದರೆ ಐದರಲ್ಲಿ ಒಂದು ಆಚಾರ ಅಲ್ಲೇ ಮುರಿಯಿತು.

6. ಇಂದಿನ ಪರೀಕ್ಷೆ

ಗಿರಾಕಿಗೆ “ಬನ್ನಿ ಅಣ್ಣಾ, ಕೂತ್ಕೊಳ್ಳಿ” ಎನ್ನುವುದು ವ್ಯಾಪಾರದ ವಿನಯ. ಅದೂ ಒಳ್ಳೆಯದೇ. ಆದರೆ ಅದೇ ಗಿರಾಕಿ ಸಾಲ ಬಾಕಿ ಉಳಿಸಿಕೊಂಡ ದಿನದಿಂದ “ಅವನು” ಆಗಿಬಿಟ್ಟರೆ, ಮೊದಲು ಕೊಟ್ಟದ್ದು ಅವನ ಹಣದ ಚೀಲಕ್ಕೆ ಸಂದ ಮರ್ಯಾದೆ ಎಂದಾಯಿತು. ನಮ್ಮ ಅಂಗಡಿ, ಮಂಡಿಗಳ ಪುಸ್ತಕಗಳನ್ನು ತೆರೆದರೆ ಒಂದು ವಿಚಿತ್ರ ಕಾಣುತ್ತದೆ. ಸರಕು ಕೊಂಡವರ ಹೆಸರಿನ ಹಿಂದೆ ‘ಶ್ರೀ’ ಇರುತ್ತದೆ. ಕೂಲಿ ಪಟ್ಟಿಯಲ್ಲಿ ಬೋಳು ಹೆಸರು. ಒಂದಕ್ಷರದ ಶಾಯಿಗೆ ಖರ್ಚೇನೂ ಇಲ್ಲ.

ಇನ್ನೊಂದು ಪರೀಕ್ಷೆ ನಮ್ಮ ಬಾಗಿಲಿಗೇ ಬಂದಿದೆ. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಬಿಹಾರ, ಒಡಿಶಾ, ಝಾರ್ಖಂಡ್ ಕಡೆಯಿಂದ ಬಂದ ಯುವಕ ಯುವತಿಯರು ಬಹಳ. ಈಗ ತೋಟದ ಕೆಲಸಕ್ಕೂ ಲೋಡು ಎತ್ತುವುದಕ್ಕೂ ಅವರೇ ಬರುತ್ತಿದ್ದಾರೆ. ಅವರ ಹೆಸರನ್ನು ಕೇಳದೆ ಎಲ್ಲರನ್ನೂ “ವಡಕ್ಕನ್” ಎಂದು ಒಂದೇ ಮಾತಿನಲ್ಲಿ ಕೂಗುವುದು ರೂಢಿಯಾಗಿದೆ. 2023ರ ಮಾರ್ಚ್‌ನಲ್ಲಿ ತಮಿಳುನಾಡಿನಲ್ಲಿ ಉತ್ತರದ ಕೆಲಸಗಾರರ ಮೇಲೆ ಹಲ್ಲೆಯಾಗುತ್ತಿದೆ ಎಂಬ ಸುಳ್ಳು ವಿಡಿಯೋಗಳು ಹರಡಿದವು. ಅವರಲ್ಲಿ ಭಯ ಹುಟ್ಟಿ, ಬಿಹಾರ ಸರ್ಕಾರ ಅಧಿಕಾರಿಗಳ ತಂಡವನ್ನೇ ಇಲ್ಲಿಗೆ ಕಳುಹಿಸಿತು. ಸುದ್ದಿ ಸುಳ್ಳೆಂದು ತಿಳಿಯಿತು. ಆದರೂ ಸುಳ್ಳು ಅಷ್ಟು ಬೇಗ ನಂಬಿಕೆಯಾಗುವುದಕ್ಕೆ, ದಿನವೂ ಕೇಳುವ ತಾತ್ಸಾರದ ಮಾತೂ ನೆಲ ಹದ ಮಾಡಿರಬಹುದಲ್ಲವೇ? ಭಾಷೆ ಬೇರೆಯಾದ ನೆಲದಲ್ಲಿ ಬಾಳುವುದು ಹೇಗೆಂದು ತಲೆಮಾರುಗಳಿಂದ ಬಲ್ಲವರು ನಾವು. ನಮ್ಮ ಹಿರಿಯರನ್ನು ಈ ನೆಲ “ವಾಂಗ” ಎಂದು ಕರೆಯಿತು. ಆ ಋಣವನ್ನು ಈಗ ಬಂದವರಿಗೆ ಸಲ್ಲಿಸಬೇಕಾದ ಸರದಿ ನಮ್ಮದು.

“ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ, ಕೆಲಸ ಮಾಡುವುದಿಲ್ಲ” ಎಂಬ ಆಕ್ಷೇಪವನ್ನು ರೈತ ಬಂಧುಗಳು ಹೇಳುವುದುಂಟು. ಮರ್ಯಾದೆ ಬೇರೆ, ಸಡಿಲ ಬೇರೆ. ಕೆಲಸ ತಪ್ಪಿದರೆ ತಪ್ಪನ್ನು ತೋರಿಸಿ ತಿದ್ದಿಸಬೇಕು, ಅಗತ್ಯವಿದ್ದರೆ ಬೇರೆಯವರನ್ನು ನೋಡಬೇಕು. ಅದನ್ನು “ನೀವು” ಎಂದೂ ಹೇಳಬಹುದು.

7. ಆಚರಣೆಗೆ

ಒಂದು: ಮನೆಯಲ್ಲಿ ಮಕ್ಕಳನ್ನು ದಿನಕ್ಕೆ ಕೆಲವು ಹೊತ್ತಾದರೂ “ಬನ್ನಿ, ಕುಳಿತುಕೊಳ್ಳಿ, ಪ್ರಸಾದ ತೆಗೆದುಕೊಳ್ಳಿ” ಎಂದು ಕರೆಯಿರಿ. ಪತಿ ಪತ್ನಿಯರು ಮಕ್ಕಳ ಎದುರಿಗೆ ಪರಸ್ಪರ ಒಂದೇ ತೆರನಾದ ಮಾತಿನಲ್ಲಿ ಕರೆದುಕೊಳ್ಳಿ.

ಎರಡು: ಕೆಲಸಕ್ಕೆ ಬರುವವರ ಹೆಸರನ್ನು ಕೇಳಿ ತಿಳಿಯಿರಿ. ವಯಸ್ಸಿನಲ್ಲಿ ಹಿರಿಯರಾದರೆ ಅಣ್ಣ, ಅಕ್ಕ ಎನ್ನಿ. ಅವರು ಇಲ್ಲದಾಗಲೂ “ಅವರು ಬಂದಿದ್ದರು” ಎಂದೇ ಹೇಳಿ.

ಮೂರು: ಎಲ್ಲರಿಗೂ ಒಂದೇ ಲೋಟ, ಒಂದೇ ಪಂಕ್ತಿ. ಮನೆಯ ದಾಸೋಹದಲ್ಲಿಯೂ ಇದೇ ನಿಯಮವಿರಲಿ.

ನಾಲ್ಕು: “ಶರಣು” ಎಂದವರಿಗೆ “ಶರಣು ಶರಣಾರ್ಥಿ” ಎನ್ನಿ. ಅವರು ಹೇಳಲೆಂದು ಕಾಯದೆ ನಾವೇ ಮೊದಲು ಹೇಳುವುದು ಇನ್ನೂ ಮೇಲು.

ಗೋಷ್ಠಿಯಲ್ಲಿ ಚರ್ಚಿಸಲು: ನಮ್ಮ ಮನೆಯಲ್ಲಿ ತಿರುಗಿ ಬರಲಾಗದ ಏಕವಚನ ಯಾರಿಗೆ ಸಲ್ಲುತ್ತಿದೆ? ಭಯಕ್ಕೂ ಭೃತ್ಯಾಚಾರಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಊರಿನ ಉದಾಹರಣೆಯಿಂದ ಹೇಳಬಹುದೇ?

ಮರ್ಯಾದೆ ಕಡಿಮೆಯಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಹೀಗೆ: ಮೇಲಕ್ಕೆ ಹೋಗುತ್ತಿದ್ದುದು ಸ್ವಲ್ಪ ಕಡಿಮೆಯಾಗಿದೆ, ಕೆಳಕ್ಕೆ ಇಳಿಯಬೇಕಾದದ್ದು ಇನ್ನೂ ಬಾಕಿಯಿದೆ. ಆ ಬಾಕಿಯನ್ನು ತೀರಿಸಲು ಹಿರಿಯರಾದ ನಾವು ತೊಡಗಿದರೆ ಕಿರಿಯರು ಕೇಳಿ ಕಲಿಯುತ್ತಾರೆ. ಎಲ್ಲರಿಗೂ ಶರಣು ಶರಣಾರ್ಥಿ.

— ಕಾರ್ಯದರ್ಶಿ, ಶ್ರೀಮಠ