ಯಾವ ಡಿಜಿಟಲ್ ಸೆಟ್ ಕೊಳ್ಳಲಿ?

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯೊಂದರಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕ. ವಯಸ್ಸು 51. ಹ್ಯಾಮ್ (ಹವ್ಯಾಸಿ) ರೇಡಿಯೊದ ರಿಸ್ಟ್ರಿಕ್ಟೆಡ್ ಗ್ರೇಡ್ ಪರೀಕ್ಷೆ ಪಾಸಾಗಿ ವಿಯು3 ಕಾಲ್ ಸೈನ್ ಸಿಕ್ಕಿದೆ. ಒಂದು ಸಣ್ಣ ಎಫ್‌ಎಂ ಹ್ಯಾಂಡ್‌ಸೆಟ್ ಕೊಂಡಿದ್ದೇನೆ. ಮನೆ ಸುತ್ತ ಗುಡ್ಡ, ಅಡಿಕೆ ತೋಟ. ಎಷ್ಟು ಕರೆದರೂ ಸೊಂಯ್ ಎನ್ನುವ ಸದ್ದು ಬಿಟ್ಟರೆ ಉತ್ತರವಿಲ್ಲ. ಬೆಂಗಳೂರಿನ ಗೆಳೆಯರು ‘ಡಿಜಿಟಲ್‌ಗೆ ಬನ್ನಿ, ಕೂತಲ್ಲೇ ಪ್ರಪಂಚ ಸಿಗುತ್ತದೆ’ ಅನ್ನುತ್ತಾರೆ. ಡಿಎಂಆರ್, ಡಿ-ಸ್ಟಾರ್, ಫ್ಯೂಷನ್ ಎಂಬ ಹೆಸರುಗಳಲ್ಲೇ ಕಳೆದುಹೋಗಿದ್ದೇನೆ. ಅಮೆರಿಕದಲ್ಲಿರುವ ಭಾವಮೈದ ರಜೆಗೆ ಬರುವಾಗ ಸೆಟ್ ತರುತ್ತೇನೆ, ಯಾವುದು ಬೇಕು ಹೇಳಿ ಎಂದು ಅವಸರ ಮಾಡುತ್ತಿದ್ದಾನೆ. ಆದರೆ ನನ್ನನ್ನು ಈ ಹವ್ಯಾಸಕ್ಕೆ ಕರೆತಂದ ಹಿರಿಯರು, ‘ಇಂಟರ್‌ನೆಟ್ ಮೇಲೆ ಮಾತಾಡುವುದು ಹ್ಯಾಮ್ ಅಲ್ಲ’ ಎಂದುಬಿಟ್ಟರು. ಆ ಮಾತು ನಾಟಿದೆ. ಇನ್ನೊಂದು, ಹೇಳಲು ಸಂಕೋಚ: ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನನಗೆ ಮೈಕಿನ ಗುಂಡಿ ಒತ್ತಿದರೆ ಗಂಟಲು ಕಟ್ಟುತ್ತದೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ಭಾವಮೈದನಿಗೆ ಫೋನ್ ಮಾಡಿ ‘ಸದ್ಯಕ್ಕೆ ಏನೂ ತರಬೇಡ’ ಎಂದು ಹೇಳಿ. ಲೈಸೆನ್ಸ್ ಇದ್ದರೂ ವಿದೇಶದಿಂದ ವೈರ್‌ಲೆಸ್ ಸೆಟ್ ತರಿಸುವ ಮುನ್ನ, ಲೈಸೆನ್ಸ್ ಕೊಡುವ ಸರ್ಕಾರಿ ವಿಭಾಗವಾದ ಡಬ್ಲ್ಯುಪಿಸಿಯ ಆಮದು ನಿಯಮ ನೋಡಿಕೊಳ್ಳಲೇಬೇಕು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರ ಮುಂದೆ ನಿಲ್ಲುವ ಕಷ್ಟ ಭಾವಮೈದನಿಗೆ ಬೇಡ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ನಿಮ್ಮ ಮನೆಯಿಂದ ಹೊರಟ ಧ್ವನಿ ಯಾವ ದಾರಿಯಲ್ಲಿ, ಎಲ್ಲಿಗೆ ಹೋಗಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದು ಗೊತ್ತಾಗದೆ ಸೆಟ್ ಆರಿಸಲು ಬರುವುದಿಲ್ಲ.

ನಿಮಗೆ ಬರೀ ಸೊಂಯ್ ಸದ್ದು ಕೇಳುತ್ತಿರುವುದಕ್ಕೆ ಎಫ್‌ಎಂ ಕಾರಣವಲ್ಲ, ಗುಡ್ಡ ಕಾರಣ. ನಮಗೆ ಕೊಟ್ಟಿರುವ 144ರಿಂದ 146 ಮೆಗಾಹರ್ಟ್ಸ್, 434ರಿಂದ 438 ಮೆಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ ಅಲೆ ಹೆಚ್ಚುಕಡಿಮೆ ನೇರ ನೋಟದ ದಾರಿಯಲ್ಲೇ ಸಾಗುತ್ತದೆ. ಅಡ್ಡ ಬಂದ ಗುಡ್ಡವನ್ನು ಎಫ್‌ಎಂ ದಾಟದಿದ್ದರೆ ಡಿಜಿಟಲ್ ಸಹ ದಾಟುವುದಿಲ್ಲ. ಸೆಟ್ ಮಾರುವವರು ಇದನ್ನು ಹೇಳುವುದಿಲ್ಲ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ. ಡಿಜಿಟಲ್‌ನಲ್ಲಿ ಬದಲಾಗುವುದು ಸಿಗ್ನಲ್ ಸೋಲುವ ರೀತಿ ಮಾತ್ರ. ಎಫ್‌ಎಂನಲ್ಲಿ ಸಿಗ್ನಲ್ ಕುಂದುತ್ತಾ ಹೋದಂತೆ ಸದ್ದು ಹೆಚ್ಚುತ್ತದೆ, ಆದರೂ ಕಿವಿಗೊಟ್ಟರೆ ಮಾತು ಹಿಡಿಯಬಹುದು. ಡಿಜಿಟಲ್ ಕೊನೆಯವರೆಗೂ ಸ್ವಚ್ಛವಾಗಿ ಕೇಳಿಸಿ, ಅಂಚಿಗೆ ಬಂದಾಗ ಒಂದೆರಡು ಅಕ್ಷರ ಗರಗರ ಎಂದು ತುಂಡಾಗಿ, ಆಮೇಲೆ ಪೂರ್ತಿ ನಿಂತುಹೋಗುತ್ತದೆ.

ಹಾಗಾದರೆ ಬೆಂಗಳೂರಿನ ಗೆಳೆಯರು ಹೇಳುವ ‘ಪ್ರಪಂಚ’ ಎಲ್ಲಿಂದ ಬರುತ್ತದೆ? ಮುಕ್ಕಾಲು ಪಾಲು ಇಂಟರ್‌ನೆಟ್‌ನಿಂದ. ಅವರ ಸೆಟ್ಟಿನಿಂದ ಹೊರಟ ಧ್ವನಿ ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ಊರಿನ ರಿಪೀಟರ್‌ಗೋ, ಇಂಟರ್‌ನೆಟ್‌ಗೆ ಜೋಡಿಸಿ ಮೇಜಿನ ಮೇಲಿಟ್ಟ ಪುಟ್ಟ ಹಾಟ್‌ಸ್ಪಾಟ್‌ಗೋ ರೇಡಿಯೊ ಅಲೆಯಾಗಿ ಹೋಗುತ್ತದೆ. ಅಲ್ಲಿಂದ ಸರ್ವರ್, ಸರ್ವರ್‌ನಿಂದ ಇನ್ನೊಂದು ದೇಶದ ರಿಪೀಟರ್, ಅಲ್ಲಿಂದ ಮತ್ತೆ ರೇಡಿಯೊ. ನಿಮ್ಮ ಮನೆಗೆ ರಿಪೀಟರ್ ಯಾವುದೂ ಕೇಳಿಸದಿದ್ದರೆ ಉಳಿಯುವ ದಾರಿ ಹಾಟ್‌ಸ್ಪಾಟ್ ಒಂದೇ.

ಇನ್ನು ನಿಮ್ಮನ್ನು ಕಾಡುತ್ತಿರುವ ಹೆಸರುಗಳು. ಡಿ-ಸ್ಟಾರ್ ಜಪಾನಿನ ಹವ್ಯಾಸಿಗಳ ಸಂಘ ಜೆಎಆರ್‌ಎಲ್ ಹವ್ಯಾಸಿಗಳಿಗೆಂದೇ ರೂಪಿಸಿದ್ದು, ಅದರ ಸೆಟ್ಟುಗಳಲ್ಲಿ ಐಕಾಮ್‌ನದೇ ದೊಡ್ಡ ಪಾಲು. ಫ್ಯೂಷನ್ ಯಾಯೆಸು ಕಂಪನಿ 2013ರಲ್ಲಿ ತಂದ ವ್ಯವಸ್ಥೆ. ಎದುರಿನವರು ಎಫ್‌ಎಂನಲ್ಲಿದ್ದಾರೋ ಡಿಜಿಟಲ್‌ನಲ್ಲಿದ್ದಾರೋ ಎಂದು ತಾನೇ ಗುರುತಿಸಿ ಬದಲಾಗುವುದು ಅದರ ಗುಣ, ಬಳಸಲು ಎಲ್ಲಕ್ಕಿಂತ ಸುಲಭ. ಡಿಎಂಆರ್ ಹವ್ಯಾಸಿಗಳಿಗೆ ಮಾಡಿದ್ದೇ ಅಲ್ಲ. ಯುರೋಪಿನ ಎಟ್ಸಿ ಸಂಸ್ಥೆ ಕಾರ್ಖಾನೆ, ಟ್ಯಾಕ್ಸಿ, ಭದ್ರತಾ ಸಿಬ್ಬಂದಿಯಂಥವರಿಗಾಗಿ ಹೊರತಂದ ಮಾನಕವನ್ನು ಹ್ಯಾಮ್‌ಗಳು ತಮ್ಮದಾಗಿಸಿಕೊಂಡರು. ಹಾಗಾಗಿ ಹಲವು ಕಂಪನಿಗಳ ಸೆಟ್ಟುಗಳಿವೆ, ಬೆಲೆಯೂ ಉಳಿದೆರಡಕ್ಕಿಂತ ಕಡಿಮೆ. ಹಾಗೆಯೇ ಹವ್ಯಾಸಿಗೆ ಬೇಡದ ನೂರೆಂಟು ಸೆಟ್ಟಿಂಗ್‌ಗಳೂ ಇವೆ. ಒಂದರ ಸೆಟ್ ಇನ್ನೊಂದರ ಮಾತನ್ನು ನೇರವಾಗಿ ಕೇಳಲಾರದು, ಇದು ನೆನಪಿರಲಿ. ಪಿ25, ಎನ್‌ಎಕ್ಸ್‌ಡಿಎನ್ ಎಂದೂ ಯಾರಾದರೂ ಹೇಳಬಹುದು, ಅವು ನಿಮಗೆ ಈಗ ಬೇಡ.

ನನ್ನ ಶಿಫಾರಸು ಡಿಎಂಆರ್. ಖರ್ಚು ಕಡಿಮೆ, ಹಾಟ್‌ಸ್ಪಾಟ್ ಜೊತೆ ಚೆನ್ನಾಗಿ ಹೊಂದುತ್ತದೆ, ಅದೇ ಸೆಟ್ಟಿನಲ್ಲಿ ಎಫ್‌ಎಂ ಸಹ ಇರುತ್ತದೆ. ಇದಕ್ಕೆ ಒಂದು ಅಪವಾದವಿದೆ: ನಿಮ್ಮ ಸುತ್ತಮುತ್ತ ಕೈಹಿಡಿದು ಕಲಿಸುವ ಒಬ್ಬ ಹ್ಯಾಮ್ ಇದ್ದು ಅವರ ಬಳಿ ಬೇರೆ ವ್ಯವಸ್ಥೆಯ ಸೆಟ್ ಇದ್ದರೆ, ಕಣ್ಣುಮುಚ್ಚಿ ಅದನ್ನೇ ಕೊಳ್ಳಿ. ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬರು ಎಂಥ ಒಳ್ಳೆಯ ಸೆಟ್ಟಿಗಿಂತಲೂ ಹೆಚ್ಚು.

ಡಿಎಂಆರ್‌ನ ಒಳಗುಟ್ಟು ವಿಜ್ಞಾನದ ಮೇಷ್ಟ್ರಿಗೆ ಇಷ್ಟವಾಗುವಂಥದ್ದು. ಸಾಧಾರಣ ಡಿಜಿಟಲ್ ಟೆಲಿಫೋನ್ ಮಾರ್ಗಕ್ಕೆ ಸೆಕೆಂಡಿಗೆ 64,000 ಬಿಟ್ ಬೇಕು. ಇಲ್ಲಿ ಸೆಟ್ಟಿನೊಳಗಿನ ಚಿಪ್ ನಿಮ್ಮ ಮಾತನ್ನು ಸೆಕೆಂಡಿಗೆ ಸುಮಾರು 2,450 ಬಿಟ್‌ಗೆ ಇಳಿಸುತ್ತದೆ. ಧ್ವನಿಯ ಅಲೆಯನ್ನೇ ಕಳಿಸದೆ, ಸ್ಥಾಯಿ ಎಷ್ಟು, ಗಂಟಲು ಕಂಪಿಸುತ್ತಿದೆಯೋ ಇಲ್ಲವೋ, ಸದ್ದಿನ ಆಕಾರ ಯಾವುದು ಎಂಬ ವಿವರ ಕಳಿಸಿ, ಆ ಕಡೆಯ ಸೆಟ್ ಧ್ವನಿಯನ್ನು ಹೊಸದಾಗಿ ಕಟ್ಟುತ್ತದೆ. ಈ ಚಿಪ್‌ಗೆ ಮನುಷ್ಯರ ಮಾತು ಗೊತ್ತು, ಕುಕ್ಕರ್ ಸೀಟಿ ಗೊತ್ತಿಲ್ಲ. ಅಡುಗೆಮನೆ ಪಕ್ಕ ಕೂತು ಮಾತಾಡಿದರೆ ನಿಮ್ಮ ಮಾತೂ ಸೀಟಿಯೂ ಕಲಸಿ ವಿಚಿತ್ರ ಸದ್ದಾಗುತ್ತದೆ. ಫ್ಯಾನ್ ಆರಿಸಿ, ಮೈಕನ್ನು ಬಾಯಿಯಿಂದ ನಾಲ್ಕು ಬೆರಳು ದೂರ ಹಿಡಿದು, ಸಹಜ ದನಿಯಲ್ಲಿ ಮಾತಾಡಿ. ಇನ್ನು ಟೈಮ್ ಸ್ಲಾಟ್: 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್ಲಿನಲ್ಲಿ ಎರಡು ಮಾತುಕತೆ ನಡೆಯುತ್ತವೆ. ಒಂದೇ ಶಾಲಾ ಕಟ್ಟಡದಲ್ಲಿ ಎರಡು ಪಾಳಿ ನಡೆಸಿದ ಹಾಗೆ, ಆದರೆ ಪ್ರತಿ ಪಾಳಿ 30 ಮಿಲಿಸೆಕೆಂಡ್ ಮಾತ್ರ.

ಈಗ ಕೆಲಸದ ಕ್ರಮ ಹೇಳುತ್ತೇನೆ. ಮೊದಲನೆಯದಕ್ಕೆ ದುಡ್ಡೇ ಬೇಕಿಲ್ಲ. ಬ್ರ್ಯಾಂಡ್‌ಮೈಸ್ಟರ್ ಎಂಬ ಜಾಲದ ಟಾಕ್‌ಗ್ರೂಪ್‌ಗಳನ್ನು, ಅಂದರೆ ಅಂಕಿಯಿಂದ ಗುರುತಿಸುವ ಮಾತಿನ ಗುಂಪುಗಳನ್ನು, ಹೋಸ್‌ಲೈನ್ ಎಂಬ ತಾಣದ ಮೂಲಕ ಕಂಪ್ಯೂಟರಿನಲ್ಲೇ ಕೇಳಬಹುದು. ಭಾರತದ್ದು 404, ಜಗತ್ತಿನದು 91. ಸಂಜೆ ಹೊತ್ತು ಬಿಡುವಾದಾಗ ಸುಮ್ಮನೆ ಕೇಳುತ್ತಾ ಕೂರಿ. ಯಾರು ಹೇಗೆ ಕರೆಯುತ್ತಾರೆ, ಮಾತಿನ ನಡುವೆ ಎಷ್ಟು ಹೊತ್ತು ಬಿಡುತ್ತಾರೆ, ಹೇಗೆ ಮುಗಿಸುತ್ತಾರೆ ಎಂಬುದು ಕಿವಿಗೆ ಬೀಳಲಿ. ಈ ಮಾತುಕತೆ ಇಷ್ಟವಾಗಲಿಲ್ಲವೇ, ಆಗ ಒಂದು ರೂಪಾಯಿಯೂ ಕಳೆಯದೆ ವಿಷಯ ಬಗೆಹರಿಯಿತು.

ಇಷ್ಟವಾದರೆ ನಿಮ್ಮ ಲೈಸೆನ್ಸ್ ತೆಗೆದು ಷರತ್ತುಗಳನ್ನೆಲ್ಲ ಓದಿ. ಯಾವ ಬಗೆಯ ಪ್ರಸಾರಕ್ಕೆ, ಎಷ್ಟು ಶಕ್ತಿಗೆ, ಯಾವ ವಿಳಾಸಕ್ಕೆ ಅನುಮತಿ ಇದೆ ನೋಡಿ. ಹಾಟ್‌ಸ್ಪಾಟ್ ಬೆಂಕಿಪೊಟ್ಟಣದಷ್ಟೇ ಇರಬಹುದು, ಶಕ್ತಿ ಹತ್ತು ಮಿಲಿವ್ಯಾಟ್ ಆಸುಪಾಸು ಇರಬಹುದು, ಆದರೂ ಅದು ಟ್ರಾನ್ಸ್‌ಮಿಟರ್. ಅದರಿಂದ ಹೊರಡುವ ಪ್ರತಿ ಮಾತಿಗೂ ನೀವೇ ಹೊಣೆ. ಇಂಟರ್‌ನೆಟ್ ಜೋಡಣೆ ಬಗ್ಗೆ ಎಳ್ಳಷ್ಟು ಅನುಮಾನ ಬಂದರೂ ಡಬ್ಲ್ಯುಪಿಸಿಗೆ ಬರೆದು ಕೇಳಿ, ಉತ್ತರವನ್ನು ಲೈಸೆನ್ಸ್ ಜೊತೆಗೇ ಇಟ್ಟುಕೊಳ್ಳಿ. ಡಿಎಂಆರ್ ಸೆಟ್ಟುಗಳಲ್ಲಿ ಎನ್‌ಕ್ರಿಪ್ಷನ್ ಎಂಬ ಸೌಲಭ್ಯ ಇರುತ್ತದೆ. ಅದನ್ನು ಎಂದೂ ಮುಟ್ಟಬೇಡಿ. ಹವ್ಯಾಸಿ ಬ್ಯಾಂಡಿನಲ್ಲಿ ಗುಟ್ಟಿನ ಮಾತಿಗೆ ಅವಕಾಶವಿಲ್ಲ.

ಸೆಟ್ ಬಂದ ಮೇಲೆ ಎದುರಾಗುವುದು ಕೋಡ್‌ಪ್ಲಗ್. ಸೆಟ್ಟಿಗೆ ತುಂಬುವ ಚಾನೆಲ್ಲುಗಳ ಪಟ್ಟಿಗೆ ಇಷ್ಟು ದೊಡ್ಡ ಹೆಸರು, ಅಷ್ಟೆ. ಬೇರೆಯವರ ಸಾವಿರ ಚಾನೆಲ್ಲಿನ ಫೈಲು ತಂದು ತುಂಬಬೇಡಿ, ಎಲ್ಲಿ ಏನಿದೆ ಎಂದು ಗೊತ್ತಾಗದೆ ಕೈಚೆಲ್ಲುತ್ತೀರಿ. ಒಂದೇ ಒಂದು ಚಾನೆಲ್ ನೀವೇ ಕಟ್ಟಿ. ಕಳಿಸುವುದಕ್ಕೂ ಕೇಳುವುದಕ್ಕೂ ಒಂದೇ ಫ್ರೀಕ್ವೆನ್ಸಿ, 434ರಿಂದ 435 ಮೆಗಾಹರ್ಟ್ಸ್ ಒಳಗೆ ಸ್ಥಳೀಯರಾರೂ ಬಳಸದ್ದು ಇರಲಿ. 435ರಿಂದ ಮೇಲೆ ಉಪಗ್ರಹಗಳ ಜಾಗ, ಅಲ್ಲಿಗೆ ಹೋಗಬೇಡಿ. ಯುರೋಪ್, ಅಮೆರಿಕದವರ ವಿಡಿಯೊ ನೋಡಿ 433 ಅಥವಾ 438ರ ಮೇಲಿನ ಅಂಕಿ ಹಾಕುವವರಿದ್ದಾರೆ, ಅದು ನಮ್ಮ ಬ್ಯಾಂಡೇ ಅಲ್ಲ. ಹಾಟ್‌ಸ್ಪಾಟ್‌ಗೆ ಹೊಂದುವಂತೆ ಕಲರ್ ಕೋಡ್ (ಚಾನೆಲ್ಲಿನ ಗುರುತಿನ ಅಂಕಿ) 1, ಟೈಮ್ ಸ್ಲಾಟ್ 2. ಇವೆರಡರಲ್ಲಿ ಒಂದು ತಪ್ಪಿದರೂ ಸೆಟ್ ಮೂಕ.

ಆ ಚಾನೆಲ್ಲಿಗೆ ಮೊದಲು ಟಾಕ್‌ಗ್ರೂಪ್ ಹಾಕಬೇಡಿ, 9990 ಹಾಕಿ. ಬ್ರ್ಯಾಂಡ್‌ಮೈಸ್ಟರ್‌ನಲ್ಲಿ ಅದು ಗಿಳಿ: ನೀವು ಆಡಿದ್ದನ್ನು ಹಾಗೆಯೇ ನಿಮಗೆ ತಿರುಗಿಸಿ ಒಪ್ಪಿಸುತ್ತದೆ. ಅದನ್ನು ಪ್ರೈವೇಟ್ ಕಾಲ್ ಎಂದು ನಮೂದಿಸಬೇಕು. ಗ್ರೂಪ್ ಕಾಲ್ ಎಂದು ಹಾಕಿ ‘ಗಿಳಿ ಮಾತಾಡುತ್ತಿಲ್ಲ’ ಎಂದು ಕೊರಗುವವರೇ ಹೆಚ್ಚು. ಗಿಳಿ ಉತ್ತರಿಸಿದರೆ ನಿಮ್ಮ ಧ್ವನಿ ಸರ್ವರ್ ಮುಟ್ಟಿ ವಾಪಸ್ ಬಂದಿದೆ ಎಂದು ಖಾತ್ರಿ. ಹಾಟ್‌ಸ್ಪಾಟ್‌ನ ಡ್ಯಾಶ್‌ಬೋರ್ಡಿನಲ್ಲಿ ಬಿಇಆರ್ ಎಂಬ ಅಂಕಿ ಕಾಣುತ್ತದೆ, ಎಷ್ಟು ಬಿಟ್ ಕೆಟ್ಟು ಬಂದವು ಎಂಬ ಲೆಕ್ಕ. ಶೇಕಡಾ 1ರ ಒಳಗಿದ್ದರೆ ಚಿಂತೆ ಇಲ್ಲ. ಹೆಚ್ಚಿದ್ದರೆ ಹಾಟ್‌ಸ್ಪಾಟ್‌ನ ಫ್ರೀಕ್ವೆನ್ಸಿ ಸರಿಹೊಂದಿಸುವ ಆಫ್‌ಸೆಟ್ ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ. ಅದಕ್ಕೂ ಮೊದಲು ಸೆಟ್ಟನ್ನು ಕಡಿಮೆ ಪವರ್‌ಗೆ ಇಳಿಸಿ, ಹಾಟ್‌ಸ್ಪಾಟ್‌ನಿಂದ ನಾಲ್ಕಾರು ಹೆಜ್ಜೆ ದೂರ ಹೋಗಿ ಮಾತಾಡಿ. ಪಕ್ಕದಲ್ಲೇ ಐದು ವ್ಯಾಟ್ ಹೊಡೆದರೆ ಆ ಪುಟ್ಟ ಯಂತ್ರಕ್ಕೆ ತಡೆಯುವುದಿಲ್ಲ. ಹಾಟ್‌ಸ್ಪಾಟ್‌ಗೆ ಪೈ-ಸ್ಟಾರ್ ತಂತ್ರಾಂಶ ಬಳಸುವುದಾದರೆ ಅದರೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

ಗಂಟಲು ಕಟ್ಟುವ ವಿಚಾರದಲ್ಲಿ ಸಂಕೋಚವೇ ಬೇಡ. ತರಗತಿಯಲ್ಲಿ ಎದುರಿಗೆ ಮುಖಗಳಿರುತ್ತವೆ, ಇಲ್ಲಿ ಯಾರೂ ಕಾಣುವುದಿಲ್ಲ. ಅದಕ್ಕೇ ಗಿಳಿಯ ಜೊತೆ ಮೊದಲು ಅಭ್ಯಾಸ ಮಾಡಿ. ನಿಮ್ಮ ದನಿ ನಿಮಗೇ ತಿರುಗಿ ಬಂದಾಗ ಅದು ಚೆನ್ನಾಗಿಯೇ ಇದೆ ಎಂದು ಗೊತ್ತಾಗುತ್ತದೆ. ಆಮೇಲೆ 404ಕ್ಕೆ ಹೋಗಿ. ‘ಸಿಕ್ಯೂ ಸಿಕ್ಯೂ’ ಎಂದು ಉದ್ದಕ್ಕೆ ಕರೆಯುವ ಅಗತ್ಯ ಇಲ್ಲ. ಗುಂಡಿ ಒತ್ತಿ, ಅರ್ಧ ಸೆಕೆಂಡ್ ತಡೆದು, ಕಾಲ್ ಸೈನ್ ಹೇಳಿ ‘ಲಿಸನಿಂಗ್’ ಎಂದರೆ ಸಾಕು. ನಿಮ್ಮ ಹೆಸರು, ಊರು ಆ ಕಡೆಯವರ ಪರದೆ ಮೇಲೆ ಎಷ್ಟೋ ಸಲ ತಾನೇ ಮೂಡುತ್ತದೆ. ಇಬ್ಬರ ಮಾತಿನ ನಡುವೆ ಎರಡು ಮೂರು ಸೆಕೆಂಡ್ ಬಿಡಿ, ತುರ್ತು ಇರುವವರು ಅಷ್ಟರಲ್ಲೇ ಒಳಗೆ ಬರಬೇಕು. 91ರಲ್ಲಿ ನೀವು ಮಾತಾಡಿದರೆ ಎಷ್ಟೋ ದೇಶಗಳ ರಿಪೀಟರ್‌ಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ, ಆದ್ದರಿಂದ ಅಲ್ಲಿ ಪರಿಚಯ ಮಾಡಿಕೊಂಡು, ಹರಟೆಗೆ ಬೇರೆ ಗ್ರೂಪಿಗೆ ಹೋಗುವುದು ಮರ್ಯಾದೆ. ದುಬೈ, ಡಲ್ಲಾಸ್ ಕಡೆಯ ಕನ್ನಡಿಗ ಹ್ಯಾಮ್ ಸಿಕ್ಕರೆ ಧಾರಾಳವಾಗಿ ಕನ್ನಡದಲ್ಲೇ ಮಾತಾಡಿ.

ಈಗ ಹಿರಿಯರ ಮಾತು. ಅವರು ಸಿಟ್ಟಿನಿಂದ ಹೇಳಿರಬಹುದು, ಆದರೆ ಹುಸಿ ಹೇಳಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಬಡಿದಾಗ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡದವರು ಹವ್ಯಾಸಿ ಕೇಂದ್ರ ನಡೆಸಲು ಪೋರ್ಟ್ ಬ್ಲೇರ್‌ನಲ್ಲಿದ್ದರು. ದೂರವಾಣಿ ಕೈಕೊಟ್ಟಾಗ ಅವರ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ಟು ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿತು. ನಡುವೆ ಸರ್ವರ್ ಇರಲಿಲ್ಲ, ಅಯಾನುಗೋಳ ಇತ್ತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ಟವರ್ ಎರಡೂ ಹೋದ ದಿನ ನಿಮ್ಮ ಹಾಟ್‌ಸ್ಪಾಟ್‌ನಿಂದ ಪ್ರಯೋಜನವಿಲ್ಲ. ಆ ದಿನಕ್ಕೆ ಬೇಕಾದದ್ದು 40 ಮೀಟರ್ ಬ್ಯಾಂಡಿನ ಒಂದು ಸೆಟ್, ಒಂದು ಬ್ಯಾಟರಿ, ಅಡಿಕೆ ಮರಗಳ ನಡುವೆ ಎಳೆದ ತಂತಿ. ಆ ಬ್ಯಾಂಡ್ ಹಗಲಲ್ಲೇ ಬೆಂಗಳೂರು ಮುಟ್ಟುತ್ತದೆ, ಗುಡ್ಡ ಅಡ್ಡಿಯಾಗುವುದಿಲ್ಲ. ಆದ್ದರಿಂದ ಡಿಜಿಟಲ್ ಸೆಟ್ಟಿನಲ್ಲಿ ಉಳಿಸಿದ ದುಡ್ಡನ್ನು ಎಚ್‌ಎಫ್‌ಗೆ ಕೂಡಿಡಿ, ತಂತಿ ಎಳೆಯಲು ಆ ಹಿರಿಯರನ್ನೇ ಕರೆಯಿರಿ. ಅವರು ಖಂಡಿತ ಬರುತ್ತಾರೆ. ಹಾಗೆಂದು ಡಿಜಿಟಲ್ ಧ್ವನಿ ಹ್ಯಾಮ್ ಅಲ್ಲ ಎಂಬ ತೀರ್ಪನ್ನು ನಾನು ಒಪ್ಪುವುದಿಲ್ಲ. ಇಬ್ಬರ ಬಳಿ ಡಿಎಂಆರ್ ಸೆಟ್ ಇದ್ದರೆ ಇಂಟರ್‌ನೆಟ್ ಇಲ್ಲದೆ ನೇರವಾಗಿ ಮಾತಾಡಬಹುದು, ಅದು ಪಕ್ಕಾ ರೇಡಿಯೊ.

ನಿಮ್ಮ ಶಾಲೆಯ ಮಕ್ಕಳಿಗಾಗಿ ಇನ್ನೊಂದು ಮಾತು. ಡಿಎಂಆರ್‌ನಲ್ಲಿ ಧ್ವನಿ ಕುಗ್ಗಿಸುವ ಚಿಪ್‌ನ ಒಳಗು ಒಂದು ಕಂಪನಿಯ ಸೊತ್ತು, ನಮಗೆ ತೆರೆದಿಲ್ಲ. ಇದಕ್ಕೆ ಬದಲಾಗಿ ಆಸ್ಟ್ರೇಲಿಯಾದ ಹ್ಯಾಮ್ ಡೇವಿಡ್ ರೋ ಕೋಡೆಕ್2 ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಎಚ್‌ಎಫ್‌ನಲ್ಲಿ ಬಳಸುವ ಫ್ರೀಡಿವಿ, ಪೋಲೆಂಡಿನ ಹ್ಯಾಮ್ ಒಬ್ಬರು ಶುರುಮಾಡಿದ ಎಂ17 ಎರಡೂ ಅದರ ಮೇಲೆ ಬೆಳೆದವು. ಕೋಡೆಕ್2ರ ಪ್ರೋಗ್ರಾಮಿನ ಸಾಲು ಸಾಲನ್ನೂ ಓದಬಹುದು. ಒಂಬತ್ತನೇ ತರಗತಿಯ ‘ಶಬ್ದ’ ಪಾಠದ ದಿನ ಲ್ಯಾಪ್‌ಟಾಪಿನಲ್ಲಿ ಒಬ್ಬ ವಿದ್ಯಾರ್ಥಿಯ ದನಿ ಹಿಡಿದು ಕೋಡೆಕ್2ರಲ್ಲಿ ಕುಗ್ಗಿಸಿ ಕೇಳಿಸಿ. ಇದಕ್ಕೆ ರೇಡಿಯೊ ಬೇಡ, ಲೈಸೆನ್ಸೂ ಬೇಡ.

ಕೊನೆಯದಾಗಿ, ಬ್ರ್ಯಾಂಡ್‌ಮೈಸ್ಟರ್ ಜಾಲದಲ್ಲಿ ಮಾತಾಡಲು ಬೇಕಾದ ಏಳಂಕಿಯ ಡಿಎಂಆರ್ ಐಡಿ ರೇಡಿಯೊಐಡಿ ತಾಣದಲ್ಲಿ ಸಿಗುತ್ತದೆ. ಲೈಸೆನ್ಸಿನ ಪ್ರತಿ ಕಳಿಸಬೇಕು, ಪರಿಶೀಲನೆಗೆ ಸ್ವಲ್ಪ ಸಮಯ ಹಿಡಿಯುತ್ತದೆ, ಶುಲ್ಕ ಇಲ್ಲ. ಲೈಸೆನ್ಸಿನ ಷರತ್ತು ಓದಿ ಮುಗಿಸಿದ ದಿನವೇ ಅರ್ಜಿ ಹಾಕಿಬಿಡಿ, ಸೆಟ್ ಆಮೇಲೆ ಕೊಂಡರಾಯಿತು.