ಮೂವರು ವಿದ್ಯಾರ್ಥಿಗಳಿಂದ ತೊಡಗಿದ ಸೆಮಿನೆರಿ

ಬೋಧಕರನ್ನು ಸಿದ್ಧಪಡಿಸುವ ಸೆಮಿನೆರಿಯು ಐಶ್ವರ್ಯವಂತರ ಕೊಡುಗೆಯಿಂದ ಮಾತ್ರವೇ ಆಗತಕ್ಕದ್ದೆಂದು ನಮ್ಮಲ್ಲಿ ಅನೇಕರು ಎಣಿಸುವದುಂಟು. ಅಮೇರಿಕದ ಪ್ರೆಸ್ಬಿಟೇರಿಯನ್ ಸಭೆಯವರಿಗೆ ಸಂಭವಿಸಿದ್ದನ್ನು ಆಲೋಚಿಸೋಣ.

ಆ ದೇಶದ ಜನರು ಪಶ್ಚಿಮದ ಸೀಮೆಗಳಿಗೆ ಹೋಗಿ ನೆಲೆಸಿದ ಹಾಗೆಲ್ಲಾ ಸಭೆಗಳು ಹೆಚ್ಚಿದವು, ಪಾಲಕರು ಸಾಲದಾದರು. ಬೋಧಕನಾಗಬೇಕೆಂಬವನು ಆಗ ಒಬ್ಬ ಹಿರಿಯ ಪಾಲಕನ ಬಳಿಯಲ್ಲಿದ್ದು ಕಲಿಯುತ್ತಿದ್ದನು. 1808ರಲ್ಲಿ ಆರ್ಚಿಬಾಲ್ಡ್ ಅಲೆಗ್ಸಾಂಡರ್ ಎಂಬ ಪಾಲಕರು ಮಹಾಸಭೆಯ ಮುಂದೆ ಪ್ರಸಂಗಿಸುತ್ತಾ ಈ ಕೊರತೆಯನ್ನು ಎತ್ತಿ ತೋರಿಸಿದರು. 1809ರಲ್ಲಿ ಮಹಾಸಭೆಯು ಪ್ರಾಂತಗಳ ಸಭಾಮಂಡಲಿಗಳನ್ನು ಕೇಳಿತು: ಎಲ್ಲರಿಗೂ ಒಂದೇ ಶಾಲೆಯೋ, ಉತ್ತರಕ್ಕೊಂದು ದಕ್ಷಿಣಕ್ಕೊಂದೋ, ಸಿನೋದಿಗೊಂದೋ? ಉತ್ತರಗಳು ಒಂದಾಗಿ ಬರಲಿಲ್ಲ. ಶಾಲೆಯು ತಮ್ಮ ಊರಿಗೆ ಸಮೀಪವಿರಬೇಕೆಂಬ ಆಶೆಯು ನಮಗೂ ಹೊಸತಲ್ಲವಷ್ಟೆ! ಕಡೆಗೆ ಒಂದೇ ಎಂದು ನಿಶ್ಚಯಿಸಿ, ಹಣ ಕೂಡಿಸಲಿಕ್ಕೆ ಬೋಧಕರನ್ನು ನೇಮಿಸಿದರು.

ಆದರೂ ಕಟ್ಟಡಕ್ಕಾಗಿ ಕಾದು ಕೂತುಕೊಳ್ಳಲಿಲ್ಲ. 1812ರಲ್ಲಿ ನ್ಯೂಜರ್ಸಿ ಸೀಮೆಯ ಪ್ರಿನ್ಸ್‌ಟನ್ ಊರಲ್ಲಿ ಶಾಲೆಯನ್ನು ತೆರೆದೇಬಿಟ್ಟರು. ವಿದ್ಯಾರ್ಥಿಗಳು ಮೂವರು, ಗುರುವು ನಾಲ್ವತ್ತು ವರುಷದ ಆ ಅಲೆಗ್ಸಾಂಡರರೊಬ್ಬರೇ, ಪಾಠವು ಅವರ ಮನೆಯಲ್ಲಿ. 1813ರಲ್ಲಿ ಸಾಮ್ಯುವೆಲ್ ಮಿಲ್ಲರರು ಎರಡನೆಯ ಗುರುಗಳಾಗಿ ಬಂದರು. ಬಡ ವಿದ್ಯಾರ್ಥಿಗಳ ಪೋಷಣೆಗಾಗಿ ಸಭೆಗಳ ಸ್ತ್ರೀಯರು ಸೆಂಟು ಸಂಘಗಳನ್ನು ಮಾಡಿಕೊಂಡು, ವಾರಕ್ಕೊಂದು ಸೆಂಟಿನಂತೆ ತೆಗೆದಿಟ್ಟರು. ನೂರು ಸೆಂಟು ಕೂಡಿದರೆ ಒಂದು ಡಾಲರು. ಒಬ್ಬಾಕೆಯು ವರುಷವಿಡೀ ತಪ್ಪದೆ ಕೊಟ್ಟರೂ 52 ಸೆಂಟೇ ಆಗುವದು. ನಮ್ಮ ತಾಯಂದಿರು ಅಡಿಗೆಗೆ ಮೊದಲು ಗಡಿಗೆಗೆ ಹಾಕುವ ಹಿಡಿಯಕ್ಕಿಯ ಹಾಗೆ.

ಸೆಮಿನೆರಿಯ ಸ್ವಂತ ಕಟ್ಟಡದೊಳಗೆ ವಿದ್ಯಾರ್ಥಿಗಳು ಕಾಲಿಟ್ಟದ್ದು 1817ರಲ್ಲಿ.